ಮತದಾರನಿಗೆ 'ನಾಳೆ ಬಾ' ಎಂದ ಗವರ್ನರ್

2017ರ ಡಿಸೆಂಬರ್ 29ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಶಾಸನಸಭೆಯಲ್ಲಿ ಒಂದೇ ದಿನ ಎರಡು ಕುರ್ಚಿಗಳು ಖಾಲಿಯಾದವು. ಸೆನೆಟರ್ ಫ್ರಾಂಕ್ ಲಸೀ ಮತ್ತು ಅಸೆಂಬ್ಲಿ ಸದಸ್ಯ ಕೀತ್ ರಿಪ್ ರಾಜೀನಾಮೆ ಕೊಟ್ಟರು. ಇಬ್ಬರೂ ರಿಪಬ್ಲಿಕನ್ ಪಕ್ಷದವರು. ಜಗಳ ಆಗಿರಲಿಲ್ಲ, ಹಗರಣ ಇರಲಿಲ್ಲ, ನಮ್ಮಲ್ಲಿಯ ಹಾಗೆ ರೆಸಾರ್ಟ್ ರಾಜಕೀಯವೂ ಇರಲಿಲ್ಲ. ತಮ್ಮದೇ ಪಕ್ಷದ ಗವರ್ನರ್ ಸ್ಕಾಟ್ ವಾಕರ್ ಅವರ ಆಡಳಿತದಲ್ಲಿ ಬೇರೆ ಹುದ್ದೆ ಸಿಕ್ಕಿತ್ತು, ಹೊರಟರು. ಅಷ್ಟೇ.

"ಸರಿ, ಉಪಚುನಾವಣೆ ಮಾಡಿದ್ರಾಯ್ತು, ಅದರಲ್ಲೇನಿದೆ?" ಅಂತ ನೀವು ಕೇಳಬಹುದು. ಆ ಎರಡು ಕ್ಷೇತ್ರಗಳ ಜನ ಕೇಳಿದ್ದೂ ಅದನ್ನೇ. ಗವರ್ನರ್ ಕೊಟ್ಟ ಉತ್ತರ: ಬೇಡ. ಹೇಗೂ 2018ರ ನವೆಂಬರ್‌ನಲ್ಲಿ ಆ ಸ್ಥಾನಗಳಿಗೆ ಸಾರ್ವತ್ರಿಕ ಚುನಾವಣೆ ಇದೆ, ಆಗ ಎಲ್ಲ ಒಟ್ಟಿಗೆ ಆಗಲಿ. ಸದನದ ಅಧಿವೇಶನ ವಸಂತಕ್ಕೇ ಮುಗಿಯುತ್ತೆ, ಸುಮ್ಮನೆ ತೆರಿಗೆದಾರರ ದುಡ್ಡು ಯಾಕೆ ಖರ್ಚು ಮಾಡೋದು?

ಕೇಳೋಕೆ ಎಷ್ಟು ಸಮಂಜಸವಾಗಿದೆ ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. ನವೆಂಬರ್‌ನಲ್ಲಿ ಗೆದ್ದವರು ಸದನದಲ್ಲಿ ಕೂರುವುದು 2019ರ ಜನವರಿಯಲ್ಲಿ. ಅಂದ್ರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಎರಡು ಕ್ಷೇತ್ರಗಳಿಗೆ ಶಾಸಕರೇ ಇಲ್ಲ. ಜನಸಂಖ್ಯೆ ಒಟ್ಟು ಸೇರಿಸಿದರೆ ಸುಮಾರು 2 ಲಕ್ಷ 30 ಸಾವಿರ. ತೆರಿಗೆ ಅವರೂ ಕಟ್ಟಬೇಕು, ಕಾನೂನು ಅವರಿಗೂ ಅನ್ವಯಿಸುತ್ತೆ. ಕೈ ಎತ್ತುವವರು ಮಾತ್ರ ಇಲ್ಲ.

ಮುಂದೆ ಹೋಗುವ ಮುಂಚೆ ಒಂದು ಮಾತು. ಅಮೆರಿಕದ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರಲ್ಲ. ರಾಜಭವನದಲ್ಲಿದ್ದು ಸಹಿ ಹಾಕುವ ಹುದ್ದೆ ಅದಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ, ಒಂದು ಪಕ್ಷದ ನಾಯಕರಾಗಿ, ರಾಜ್ಯದ ಆಡಳಿತ ನಡೆಸುವವರು ಅವರು. ಹೋಲಿಸಲೇಬೇಕಾದರೆ ನಮ್ಮ ಮುಖ್ಯಮಂತ್ರಿಗೆ ಹೋಲಿಸಬಹುದು. ಖಾಲಿ ಸ್ಥಾನಕ್ಕೆ ಚುನಾವಣೆ ಕರೆಯುವ ಅಧಿಕಾರ ಅಲ್ಲಿ ಇಂಥವರ ಕೈಯಲ್ಲಿದೆ. ಆಟದಲ್ಲಿ ಆಡುತ್ತಿರುವ ನಾಯಕನೇ ಪಂದ್ಯ ಯಾವಾಗ ಅಂತ ತೀರ್ಮಾನಿಸಿದ ಹಾಗೆ. ಈ ವಿಚಿತ್ರ ಏರ್ಪಾಡು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಸುಮಾರು 400 ವರ್ಷ ಹಿಂದಿನ ಲಂಡನ್ ಮುಟ್ಟುತ್ತೇವೆ.

ರಾಜ ಕರೆಯದಿದ್ದರೆ?

ಇಂಗ್ಲೆಂಡಿನಲ್ಲಿ ಚುನಾವಣೆ ಶುರುವಾಗುತ್ತಿದ್ದದ್ದು ಒಂದು ಕಾಗದದಿಂದ. ಅದರ ಹೆಸರು ರಿಟ್. ನಮ್ಮಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕ್ತೀವಲ್ಲ, ಅದೇ ಪದ. ರಿಟ್ ಅಂದ್ರೆ ಮೂಲತಃ ರಾಜನ ಹೆಸರಿನಲ್ಲಿ ಹೊರಡುವ ಲಿಖಿತ ಆಜ್ಞೆ. 'ನಿಮ್ಮ ಕೌಂಟಿಯಿಂದ ಪ್ರತಿನಿಧಿಗಳನ್ನು ಆರಿಸಿ ಕಳಿಸಿ' ಎಂಬ ರಿಟ್ ಅಲ್ಲಿನ ಅಧಿಕಾರಿಯಾದ ಶೆರಿಫ್‌ಗೆ ಬರಬೇಕು, ಆಗ ಚುನಾವಣೆ. ರಿಟ್ ಬರಲಿಲ್ಲವೋ, ಚುನಾವಣೆಯೂ ಇಲ್ಲ.

ಇದರ ಅರ್ಥವನ್ನು ಮೊದಲನೇ ಚಾರ್ಲ್ಸ್ ಚೆನ್ನಾಗಿ ತಿಳಿದುಕೊಂಡಿದ್ದ. 1629ರಲ್ಲಿ ಪಾರ್ಲಿಮೆಂಟನ್ನು ವಿಸರ್ಜಿಸಿದವನು 1640ರವರೆಗೆ ಮತ್ತೆ ಕರೆಯಲೇ ಇಲ್ಲ. ಚುನಾವಣೆಯನ್ನು ನಿಷೇಧಿಸಲಿಲ್ಲ, ಮತದಾರರ ಹಕ್ಕನ್ನು ಕಿತ್ತುಕೊಳ್ಳುವ ಕಾನೂನು ತರಲಿಲ್ಲ. ರಿಟ್ ಹೊರಡಿಸಲಿಲ್ಲ, ಅಷ್ಟೇ. 11 ವರ್ಷ! ಕೊನೆಗೆ ಸ್ಕಾಟ್ಲೆಂಡಿನ ಜೊತೆ ಯುದ್ಧ ಬಂದು ಕೈಯಲ್ಲಿ ಕಾಸಿಲ್ಲದಾಗ ಕರೆದ.

ಹೀಗೆ ಸೇರಿದ ಪಾರ್ಲಿಮೆಂಟ್ 1641ರಲ್ಲಿ ಒಂದು ಕಾಯಿದೆ ಮಾಡಿತು. ಮೂರು ವರ್ಷಕ್ಕೊಮ್ಮೆಯಾದರೂ ಪಾರ್ಲಿಮೆಂಟ್ ಸೇರಲೇಬೇಕು ಎನ್ನುವ ಕಾಯಿದೆ ಅದು. ಆದರೆ ನನಗೆ ಇಷ್ಟವಾದದ್ದು ಅದರ ಒಳಗಿರುವ ಒಂದು ಏಣಿ. ನಿಗದಿತ ದಿನದೊಳಗೆ ರಾಜ ಕರೆಯದಿದ್ದರೆ? ಚಾನ್ಸಲರ್ ತಾನೇ ರಿಟ್ ಹೊರಡಿಸಬೇಕು. ಚಾನ್ಸಲರೂ ಮಾಡದಿದ್ದರೆ? ಮೇಲ್ಮನೆಯ 12 ಅಥವಾ ಹೆಚ್ಚು ಸದಸ್ಯರು ವೆಸ್ಟ್‌ಮಿನ್‌ಸ್ಟರಿನಲ್ಲಿ ಸೇರಿ ಹೊರಡಿಸಬೇಕು. ಅವರೂ ಸುಮ್ಮನಿದ್ದರೆ? ಶೆರಿಫ್‌ಗಳು, ಮೇಯರ್‌ಗಳು ಯಾರ ಅಪ್ಪಣೆಗೂ ಕಾಯದೆ ಚುನಾವಣೆ ನಡೆಸಬೇಕು. ಅವರೂ ನಡೆಸದಿದ್ದರೆ? ಮತದಾರರೇ ಒಂದೆಡೆ ಸೇರಿ ತಮ್ಮ ಪ್ರತಿನಿಧಿಯನ್ನು ಆರಿಸಿಕೊಳ್ಳಬಹುದು!

ಆ ಕಾಯಿದೆ ಬರೆದವರಿಗೆ ಕಹಿ ಅನುಭವ ಆಗಿತ್ತು, ಹಾಗಾಗಿ ಅವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಚುನಾವಣೆ ಕರೆಯಬೇಕು ಅಂತ ಬರೆದರೆ ಅರ್ಧ ಕೆಲಸ ಮಾತ್ರ ಆಯಿತು. ಕರೆಯಬೇಕಾದವನು ಕರೆಯದಿದ್ದರೆ ಏನು ಎನ್ನುವುದನ್ನೂ ಬರೆಯಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ನಮ್ಮ ಗಾದೆ ಅವರಿಗೆ ಗೊತ್ತಿರಲಿಲ್ಲ. ಪೂಜಾರಿಯ ಕಥೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಈ ಕಾಯಿದೆ ಹೆಚ್ಚು ದಿನ ಬಾಳಲಿಲ್ಲ. ಚಾರ್ಲ್ಸ್‌ನ ಮಗ ಪಟ್ಟಕ್ಕೆ ಬಂದ ಮೇಲೆ 1664ರಲ್ಲಿ ಅದನ್ನು ರದ್ದು ಮಾಡಿ, ಏಣಿಯನ್ನು ಕಿತ್ತು ಹಾಕಿದರು.

ಅತ್ತ ಅಟ್ಲಾಂಟಿಕ್ ಆಚೆಯ ವಸಾಹತುಗಳಲ್ಲಿ ಇದೇ ಆಟವನ್ನು ರಾಜನ ಗವರ್ನರ್‌ಗಳು ಆಡುತ್ತಿದ್ದರು. ವರ್ಜೀನಿಯಾದಲ್ಲಿ ವಿಲಿಯಂ ಬರ್ಕ್ಲಿ ಎಂಬ ಗವರ್ನರ್ 1660ರ ದಶಕದ ಆರಂಭದಲ್ಲಿ ತನಗೆ ಒಗ್ಗುವಂಥ ಒಂದು ಸಭೆ ಸಿಕ್ಕಿದ್ದೇ ತಡ, ಅದನ್ನೇ 1676ರವರೆಗೆ ಇಟ್ಟುಕೊಂಡ. ನಡುವೆ ಸಾರ್ವತ್ರಿಕ ಚುನಾವಣೆಯೇ ಇಲ್ಲ. ಇತಿಹಾಸದಲ್ಲಿ ಅದಕ್ಕೆ 'ಲಾಂಗ್ ಅಸೆಂಬ್ಲಿ' ಅಂತಲೇ ಹೆಸರು. ಅದು ಮುಗಿದ 1676ನೇ ಇಸವಿಯಲ್ಲೇ ಬೇಕನ್ ದಂಗೆ ಎದ್ದು ರಾಜಧಾನಿ ಜೇಮ್ಸ್‌ಟೌನ್ ಸುಟ್ಟು ಬೂದಿಯಾಯಿತು. ದಂಗೆಗೆ ಭೂಮಿ, ತೆರಿಗೆ, ಗಡಿಯಲ್ಲಿ ಮೂಲನಿವಾಸಿಗಳ ಜೊತೆಗಿನ ಯುದ್ಧ ಹೀಗೆ ಹಲವು ಕಾರಣಗಳಿದ್ದವು. ಆದರೆ ಹದಿನಾಲ್ಕು ಹದಿನೈದು ವರ್ಷ ಒಮ್ಮೆಯೂ ಸಾರ್ವತ್ರಿಕ ಚುನಾವಣೆ ಕಾಣದ ಜನಕ್ಕೆ ಸಿಟ್ಟು ತೋರಿಸಲು ಬೇರೆ ದಾರಿ ಉಳಿದಿರಲಿಲ್ಲ ಎನ್ನುವುದೂ ನಿಜ.

1776ರಲ್ಲಿ ಅಮೆರಿಕನ್ನರು ಸ್ವಾತಂತ್ರ್ಯ ಘೋಷಿಸಿದಾಗ ರಾಜ ಮೂರನೇ ಜಾರ್ಜ್ ವಿರುದ್ಧ ದೂರುಗಳ ಉದ್ದನೆಯ ಪಟ್ಟಿ ಕೊಟ್ಟರು. ತೆರಿಗೆ, ಸೈನ್ಯ ಎಲ್ಲ ಇದೆ ಅದರಲ್ಲಿ. ಜೊತೆಗೆ ಇನ್ನೊಂದು ದೂರು ಇದೆ, ಅದನ್ನು ಯಾರೂ ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ: ಶಾಸನಸಭೆಗಳನ್ನು ವಿಸರ್ಜಿಸಿ, ಆಮೇಲೆ ಬಹುಕಾಲ ಹೊಸದಕ್ಕೆ ಚುನಾವಣೆ ನಡೆಸಲು ರಾಜ ಒಪ್ಪಲಿಲ್ಲ ಎಂಬುದು. ಒಂದು ದೇಶ ಹುಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ 'ಎಲೆಕ್ಷನ್ ಮುಂದೂಡಿದರು' ಎನ್ನುವುದೂ ಒಂದು!

ಒಂದು ಚಿಕ್ಕ ಪದ

ಹನ್ನೊಂದು ವರ್ಷದ ನಂತರ, 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವಾಗ ಇದನ್ನು ಅವರು ಮರೆಯಲಿಲ್ಲ. ಪ್ರತಿನಿಧಿ ಸಭೆಯಲ್ಲಿ ಯಾವುದೇ ರಾಜ್ಯದ ಸ್ಥಾನ ಖಾಲಿಯಾದರೆ ಆ ರಾಜ್ಯದ ಕಾರ್ಯಾಂಗ ಚುನಾವಣೆಯ ರಿಟ್ ಹೊರಡಿಸತಕ್ಕದ್ದು ಅಂತ ಮೊದಲನೇ ವಿಧಿಯಲ್ಲೇ ಬರೆದರು. ಇಲ್ಲಿ ಅವರು ಬಳಸಿದ ಇಂಗ್ಲಿಷ್ ಪದ 'ಶಲ್'. ಹೊರಡಿಸಬಹುದು ಅಲ್ಲ, ಹೊರಡಿಸತಕ್ಕದ್ದು. ಕುರ್ಚಿಯಲ್ಲಿ ತಮಗೆ ಬೇಕಾದವರನ್ನು ಕೂರಿಸುವ ಅಧಿಕಾರವನ್ನು ಗವರ್ನರಿಗೆ ಕೊಡಲೇ ಇಲ್ಲ. ಹಾಗಾಗಿ ಇವತ್ತಿಗೂ ಅಮೆರಿಕದ ಪ್ರತಿನಿಧಿ ಸಭೆಗೆ ನೇಮಕದ ಮೂಲಕ ಬಂದ ಸದಸ್ಯ ಒಬ್ಬರೂ ಇಲ್ಲ, ಎಲ್ಲರೂ ಚುನಾವಣೆ ಗೆದ್ದೇ ಬಂದವರು. ಆಮೇಲೆ ರಾಜ್ಯಗಳೂ ತಮ್ಮ ಸಂವಿಧಾನಗಳಲ್ಲಿ ಇದೇ ಮಾದರಿ ಹಿಡಿದವು. ವಿಸ್ಕಾನ್ಸಿನ್ ಸಂವಿಧಾನದಲ್ಲೂ ಗವರ್ನರ್ ರಿಟ್ ಹೊರಡಿಸತಕ್ಕದ್ದು ಅಂತಲೇ ಇದೆ.

ಆದರೆ 'ತಕ್ಕದ್ದು' ಅಂತ ಬರೆದವರು ಒಂದು ವಿಷಯ ಬಿಟ್ಟರು: ಎಷ್ಟು ದಿನದೊಳಗೆ? 1641ರ ಕಾಯಿದೆಯಲ್ಲಿದ್ದ ಗಡುವೂ ಇಲ್ಲ, ಏಣಿಯೂ ಇಲ್ಲ. ಬಾಗಿಲು ಇಟ್ಟರು, ಬೀಗದ ಕೈಯನ್ನು ಗವರ್ನರ್ ಜೇಬಿನಲ್ಲೇ ಬಿಟ್ಟರು. ಮುಂದಿನ ಇನ್ನೂರು ವರ್ಷದ ತಕರಾರುಗಳೆಲ್ಲ ಹುಟ್ಟಿದ್ದು ಈ ಸಂದಿಯಲ್ಲಿ.

1969ರ ಆಗಸ್ಟ್‌ನಲ್ಲಿ ಷಿಕಾಗೋದ ಒಂದು ಕ್ಷೇತ್ರದ ಪ್ರತಿನಿಧಿ ಡೇನಿಯಲ್ ರೋನನ್ ತೀರಿಕೊಂಡರು. ಗವರ್ನರ್ ರಿಚರ್ಡ್ ಓಗಿಲ್ವಿ ರಿಟ್ ಹೊರಡಿಸಲಿಲ್ಲ. ಮತದಾರರು ಕೋರ್ಟಿಗೆ ಹೋದರು. 1970ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇಷ್ಟು: ದಿನಾಂಕ ಯಾವುದು ಎನ್ನುವುದರಲ್ಲಿ ಗವರ್ನರಿಗೆ ಸ್ವಲ್ಪ ವಿವೇಚನೆ ಇದೆ, ಚುನಾವಣೆ ಬೇಕೋ ಬೇಡವೋ ಎನ್ನುವುದರಲ್ಲಿ ಇಲ್ಲ. ಅದು ಕರ್ತವ್ಯ. ಒಳ್ಳೆಯ ತೀರ್ಪು. ಆದರೂ ಆ ಸ್ಥಾನ ತುಂಬಿದ್ದು 1970ರ ನವೆಂಬರ್‌ನಲ್ಲಿ. ಹದಿನೈದು ತಿಂಗಳು ಹತ್ತಿರ ಆಗಿತ್ತು.

ಒಹಾಯೋದ ಕಥೆ ಇನ್ನೂ ತಮಾಷೆ. 2002ರ ಜುಲೈನಲ್ಲಿ ಭ್ರಷ್ಟಾಚಾರದ ಆರೋಪ ಸಾಬೀತಾದ ಜೇಮ್ಸ್ ಟ್ರಾಫಿಕಾಂಟ್ ಅವರನ್ನು ಪ್ರತಿನಿಧಿ ಸಭೆ 420-1 ಮತಗಳಿಂದ ಹೊರಹಾಕಿತು. ಗವರ್ನರ್ ಬಾಬ್ ಟಾಫ್ಟ್, ಉಳಿದಿರುವುದು ಕೆಲವೇ ತಿಂಗಳು, ಖರ್ಚು ಜಾಸ್ತಿ ಅಂತ ಚುನಾವಣೆ ಕರೆಯಲಿಲ್ಲ. ಕೇಸ್ ನಡೆಯಿತು. ಗವರ್ನರ್ ಮಾಡಿದ್ದು ತಪ್ಪು, ಚುನಾವಣೆ ಕಡ್ಡಾಯ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿದಾಗ 2004ನೇ ಇಸವಿ. ಆ ಸ್ಥಾನದ ಅವಧಿ ಮುಗಿದದ್ದು 2003ರ ಜನವರಿಯಲ್ಲೇ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು.

ಒಬಾಮ ಅವರ ಸೆನೆಟ್ ಸ್ಥಾನದ ಗತಿಯೂ ಹೀಗೇ. ಸೆನೆಟ್ ವಿಷಯದಲ್ಲಿ 1913ರ 17ನೇ ತಿದ್ದುಪಡಿಯ ಪ್ರಕಾರ ಗವರ್ನರ್ ಚುನಾವಣೆ ಕರೆಯಬೇಕು, ರಾಜ್ಯದ ಕಾನೂನು ಒಪ್ಪಿದರೆ ಅಲ್ಲಿವರೆಗೆ ತಾತ್ಕಾಲಿಕವಾಗಿ ಒಬ್ಬರನ್ನು ನೇಮಿಸಬಹುದು. 2008ರಲ್ಲಿ ಒಬಾಮ ಅಧ್ಯಕ್ಷರಾಗಿ ಗೆದ್ದು ಸೆನೆಟ್ ಬಿಟ್ಟಾಗ ಇಲಿನಾಯ್ ಗವರ್ನರ್ ರಾಡ್ ಬ್ಲಾಗೊಯೆವಿಚ್ ಆ ಸ್ಥಾನವನ್ನು ಮಾರಾಟಕ್ಕಿಟ್ಟ ಆರೋಪದಲ್ಲಿ ಬಂಧನಕ್ಕೊಳಗಾದರು. ಬಿಡುಗಡೆಯಾಗಿ ಬಂದು ಅದೇ ತಿಂಗಳು ರೋಲಂಡ್ ಬರಿಸ್ ಅವರನ್ನು ನೇಮಿಸಿಯೂ ಬಿಟ್ಟರು. ತಾತ್ಕಾಲಿಕ ಎನ್ನುವುದು ಸುಮಾರು ಎರಡು ವರ್ಷ ಎಳೆಯಿತು. ನೇಮಕ ಅಂದ್ರೆ ಚುನಾವಣೆಗೆ ಬದಲಿಯಲ್ಲ ಅಂತ ಇಬ್ಬರು ಮತದಾರರು ಕೋರ್ಟಿಗೆ ಹೋಗಿ ಗೆದ್ದ ಮೇಲೆ, 2010ರ ನವೆಂಬರ್‌ನಲ್ಲಿ ಚುನಾವಣೆ ಆಯಿತು. ಹೀಗೆ ಗೆದ್ದ ಮಾರ್ಕ್ ಕರ್ಕ್ ಅವರಿಗೆ ಒಬಾಮ ಅವಧಿಯಲ್ಲಿ ಉಳಿದಿದ್ದದ್ದು ಐದು ವಾರ.

ಈ ಮೂರೂ ಕಥೆಯಲ್ಲಿ ಒಂದು ಸಾಮ್ಯ ಗಮನಿಸಿ. ಪ್ರತಿ ಸಲ ಮತದಾರ ಕಾನೂನಿನಲ್ಲಿ ಗೆಲ್ಲುತ್ತಾನೆ, ಕ್ಯಾಲೆಂಡರ್‌ನಲ್ಲಿ ಸೋಲುತ್ತಾನೆ.

ಮತ್ತೆ ವಿಸ್ಕಾನ್ಸಿನ್‌ಗೆ

ಈಗ ವಾಕರ್ ಕಡೆ ಬರೋಣ. ವಿಸ್ಕಾನ್ಸಿನ್ ಕಾನೂನಿನಲ್ಲಿ ಗಡುವು ಇಲ್ಲದಿದ್ದರೂ ಒಂದು ಸೂಚನೆ ಇತ್ತು: ಸ್ಥಾನಕ್ಕೆ ಮಾಮೂಲಿ ಚುನಾವಣೆ ನಡೆಯುವ ವರ್ಷದ ಮೇ ತಿಂಗಳ ಎರಡನೇ ಮಂಗಳವಾರಕ್ಕೆ ಮುಂಚೆ ಅದು ಖಾಲಿಯಾದರೆ, ಆದಷ್ಟು ಬೇಗ ಉಪಚುನಾವಣೆಯಿಂದ ತುಂಬಬೇಕು. ವಾಕರ್ ಕಡೆಯ ವಕೀಲರು ಇದನ್ನು ಓದಿದ ರೀತಿ ನೋಡಿ. ಕಾನೂನು ಹೇಳುವುದು ಚುನಾವಣೆಯ ವರ್ಷದಲ್ಲಿ ಖಾಲಿಯಾದ ಸ್ಥಾನದ ಬಗ್ಗೆ. ಚುನಾವಣೆಯ ವರ್ಷ 2018. ಇವರು ರಾಜೀನಾಮೆ ಕೊಟ್ಟದ್ದು 2017ರ ಡಿಸೆಂಬರ್ 29ಕ್ಕೆ. ಆದ್ದರಿಂದ ನಮಗೆ ಅನ್ವಯಿಸಲ್ಲ!

ಅಂದ್ರೆ ಮೂರು ದಿನ ತಡವಾಗಿ, ಜನವರಿ 1ಕ್ಕೆ ರಾಜೀನಾಮೆ ಕೊಟ್ಟಿದ್ದರೆ ತಕ್ಷಣ ಚುನಾವಣೆ, ಮೂರು ದಿನ ಮುಂಚೆ ಕೊಟ್ಟದ್ದಕ್ಕೆ ಒಂದು ವರ್ಷ ಖಾಲಿ. ಕುರ್ಚಿ ಹೆಚ್ಚು ಕಾಲ ಖಾಲಿ ಇರುವುದಾದರೆ ತುಂಬಬೇಕಿಲ್ಲ, ಕಡಿಮೆ ಕಾಲ ಖಾಲಿ ಇರುವುದಾದರೆ ತುಂಬಬೇಕು ಎಂಬ ತರ್ಕ.

ಇನ್ನೊಂದು ವಿಷಯ. ಇದೇ ವಾಕರ್, ಅದೇ ಚಳಿಗಾಲದಲ್ಲಿ, ಇನ್ನೊಂದು ಖಾಲಿ ಸ್ಥಾನಕ್ಕೆ ತಡಮಾಡದೆ ಚುನಾವಣೆ ಕರೆದಿದ್ದರು. 10ನೇ ಸೆನೆಟ್ ಕ್ಷೇತ್ರದ ಶೀಲಾ ಹಾರ್ಸ್‌ಡಾರ್ಫ್ ನವೆಂಬರ್‌ನಲ್ಲಿ ಕೃಷಿ ಇಲಾಖೆಯ ಮುಖ್ಯಸ್ಥರಾಗಿ ಹೋದಾಗ ಜನವರಿ 16ಕ್ಕೇ ಮತದಾನ ಆಯಿತು. 2016ರಲ್ಲಿ ಟ್ರಂಪ್ 17 ಅಂಶಗಳ ಅಂತರದಿಂದ ಗೆದ್ದಿದ್ದ ಕ್ಷೇತ್ರ ಅದು. ಗೆದ್ದದ್ದು ಮಾತ್ರ ಡೆಮಾಕ್ರಟಿಕ್ ಪಕ್ಷದ ಪ್ಯಾಟಿ ಶಾಕ್ಟ್‌ನರ್. ರಿಪಬ್ಲಿಕನ್ನರು ಎಚ್ಚೆತ್ತುಕೊಳ್ಳಬೇಕು ಅಂತ ಆ ರಾತ್ರಿ ವಾಕರ್ ಅವರೇ ಟ್ವೀಟ್ ಮಾಡಿದರು. ಉಳಿದೆರಡು ಸ್ಥಾನ ಖಾಲಿ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧ ಏನು? ಅವರ ಮನಸ್ಸಿನೊಳಗೆ ಏನಿತ್ತು ಅಂತ ನಾವು ಕಂಡಿಲ್ಲ, ಕಾಣಬೇಕಾಗಿಯೂ ಇಲ್ಲ. ಸೋಲುವ ಭಯ ಇದ್ದವನೇ ದಿನಾಂಕ ನಿಗದಿ ಮಾಡುವ ಏರ್ಪಾಡಿನಲ್ಲಿ ಈ ಅನುಮಾನ ಯಾವತ್ತೂ ಇದ್ದೇ ಇರುತ್ತೆ. ಅದೇ ಏರ್ಪಾಡಿನ ದೋಷ.

ಫೆಬ್ರವರಿ ಕೊನೆಗೆ ಆ ಕ್ಷೇತ್ರಗಳ ಮತದಾರರು ಕೋರ್ಟಿಗೆ ಹೋದರು. ಒಬಾಮ ಕಾಲದಲ್ಲಿ ಅಟಾರ್ನಿ ಜನರಲ್ ಆಗಿದ್ದ ಎರಿಕ್ ಹೋಲ್ಡರ್ ಅವರ ಸಂಘಟನೆ ಬೆನ್ನಿಗಿತ್ತು. ಮಾರ್ಚ್ 22ರಂದು ನ್ಯಾಯಾಧೀಶೆ ಜೋಸನ್ ರೆನಾಲ್ಡ್ಸ್ ತೀರ್ಪು ಕೊಟ್ಟರು: ಒಂದು ವಾರದೊಳಗೆ, ಮಾರ್ಚ್ 29ರ ಮಧ್ಯಾಹ್ನ 12 ಗಂಟೆಯ ಒಳಗೆ ಚುನಾವಣೆ ಕರೆಯಿರಿ. ಇವರನ್ನು ಆ ಹುದ್ದೆಗೆ ನೇಮಿಸಿದ್ದು ಬೇರೆ ಯಾರೂ ಅಲ್ಲ, ವಾಕರ್ ಅವರೇ.

ಆ ಒಂದು ವಾರ ನಡೆದದ್ದು ಪಕ್ಕಾ ಥ್ರಿಲ್ಲರ್. ಮರುದಿನವೇ ರಿಪಬ್ಲಿಕನ್ ನಾಯಕರು ಕಾನೂನನ್ನೇ ಬದಲಿಸುವ ಮಸೂದೆ ತರುತ್ತೇವೆ ಅಂದರು. ಬಾಗಿಲು ತೆಗೆಯಿರಿ ಅಂತ ಕೋರ್ಟ್ ಹೇಳಿದರೆ ಗೋಡೆಯನ್ನೇ ಎತ್ತಿ ಕಟ್ಟುವ ಐಡಿಯಾ. ಮಸೂದೆ ಪಾಸಾಗುವವರೆಗೆ ಗಡುವು ವಿಸ್ತರಿಸಿ ಅಂತ ಸರ್ಕಾರ ಇನ್ನೊಬ್ಬ ನ್ಯಾಯಾಧೀಶರ ಬಳಿ ಹೋಯಿತು. ಮಾರ್ಚ್ 27ಕ್ಕೆ ಅವರು ಆಗಲ್ಲ ಅಂದರು. ಮೇಲ್ಮನವಿಗೆ ಹೋಯಿತು. ಮಾರ್ಚ್ 28ಕ್ಕೆ ಮೇಲ್ಮನವಿ ನ್ಯಾಯಾಧೀಶ ಪಾಲ್ ರೈಲಿ ಕೂಡ ಆಗಲ್ಲ ಅಂದರು. ಅವರ ಆದೇಶದ ಸಾರ ಇಷ್ಟು: ಜನ ತಮ್ಮ ಪ್ರತಿನಿಧಿಯನ್ನು ಆರಿಸಿಕೊಳ್ಳುವುದು ಯಾವತ್ತೂ ಅನಗತ್ಯವಲ್ಲ, ಅದು ಯಾವತ್ತೂ ತೆರಿಗೆ ಹಣದ ದುಂದು ಅಲ್ಲ.

ಮಾರ್ಚ್ 29ರಂದು ವಾಕರ್ ಮಣಿದರು. ಜೂನ್ 12ಕ್ಕೆ ಎರಡೂ ಕ್ಷೇತ್ರಗಳಲ್ಲಿ ಚುನಾವಣೆ. ಅಸೆಂಬ್ಲಿ ಸ್ಥಾನವನ್ನು ರಿಪಬ್ಲಿಕನ್ ಪಕ್ಷದ ಜಾನ್ ಪ್ಲೂಮರ್ ಉಳಿಸಿಕೊಂಡರು. ಮಿಷಿಗನ್ ಸರೋವರದೊಳಗೆ ಚಾಚಿಕೊಂಡಿರುವ ಡೋರ್ ಕೌಂಟಿಯನ್ನು ಒಳಗೊಂಡ ಸೆನೆಟ್ ಸ್ಥಾನವನ್ನು, ದಶಕಗಳಿಂದ ರಿಪಬ್ಲಿಕನ್ನರದ್ದೇ ಆಗಿದ್ದ ಸ್ಥಾನವನ್ನು, ಡೆಮಾಕ್ರಟಿಕ್ ಪಕ್ಷದ ಕೇಲೆಬ್ ಫ್ರಾಸ್ಟ್‌ಮನ್ ಕಡಿಮೆ ಅಂತರದಲ್ಲಿ ಗೆದ್ದರು.

ಇದು ರಿಪಬ್ಲಿಕನ್ನರ ಕೆಟ್ಟ ಚಾಳಿ ಮಾತ್ರ ಅಂತ ತೀರ್ಮಾನಕ್ಕೆ ಬರಬೇಡಿ. ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಗವರ್ನರ್‌ಗಳು ಇದನ್ನೇ ಮಾಡಿದ್ದಾರೆ. 2010ರ ಮಾರ್ಚ್‌ನಲ್ಲಿ ಎರಿಕ್ ಮಾಸ್ಸಾ ರಾಜೀನಾಮೆ ಕೊಟ್ಟಾಗ ಗವರ್ನರ್ ಡೇವಿಡ್ ಪ್ಯಾಟರ್ಸನ್ ಆ ಸ್ಥಾನವನ್ನು ನವೆಂಬರ್‌ವರೆಗೆ ಖಾಲಿ ಬಿಟ್ಟರು, ಕೊನೆಗೆ ಅಲ್ಲಿ ಗೆದ್ದದ್ದು ರಿಪಬ್ಲಿಕನ್. 2015ರ ಜನವರಿಯಲ್ಲಿ ಸ್ಟೇಟನ್ ಐಲೆಂಡಿನ ಮೈಕೆಲ್ ಗ್ರಿಮ್ ರಾಜೀನಾಮೆ ಕೊಟ್ಟಾಗ ಗವರ್ನರ್ ಆಂಡ್ರ್ಯೂ ಕ್ವೋಮೊ ದಿನಾಂಕ ಪ್ರಕಟಿಸದೆ ಕೂತರು. ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶ ಜ್ಯಾಕ್ ವೈನ್‌ಸ್ಟೀನ್ ಗಡುವು ಕೊಟ್ಟ ಮೇಲೆ ಮೇ 5ಕ್ಕೆ ಚುನಾವಣೆ ಅಂತ ಹೇಳಿದರು. ಪಕ್ಷ ಯಾವುದಾದರೇನು, ಕೈಯಲ್ಲಿ ಕ್ಯಾಲೆಂಡರ್ ಇದ್ದವನಿಗೆ ಹಾಳೆ ತಿರುವಲು ಮನಸ್ಸು ಬರುವುದಿಲ್ಲ.

ಒಂದು ಮತದ ಬೆಲೆ

"ಒಬ್ಬ ಶಾಸಕ ಕೆಲವು ತಿಂಗಳು ಇಲ್ಲದಿದ್ದರೆ ಆಕಾಶ ಬೀಳುತ್ತಾ?" ಕೇಳಬಹುದಾದ ಪ್ರಶ್ನೆಯೇ. 2025ರ ಉದಾಹರಣೆ ನೋಡಿ. ಟೆಕ್ಸಸ್‌ನ ಹ್ಯೂಸ್ಟನ್ ನಗರದ ಪ್ರತಿನಿಧಿ ಸಿಲ್ವೆಸ್ಟರ್ ಟರ್ನರ್ ಮಾರ್ಚ್ 5ರಂದು ತೀರಿಕೊಂಡರು. ಡೆಮಾಕ್ರಟಿಕ್ ಪಕ್ಷದ ಭದ್ರ ಕ್ಷೇತ್ರ. ರಿಪಬ್ಲಿಕನ್ ಗವರ್ನರ್ ಗ್ರೆಗ್ ಆ್ಯಬಟ್ ಚುನಾವಣೆ ಕರೆದದ್ದು ನವೆಂಬರ್ 4ಕ್ಕೆ. ಎಂಟು ತಿಂಗಳು.

ಈ ನಡುವೆ ಮೇ 22ರಂದು ಟ್ರಂಪ್ ಅವರ ದೊಡ್ಡ ತೆರಿಗೆ ಮತ್ತು ವೆಚ್ಚದ ಮಸೂದೆ ಪ್ರತಿನಿಧಿ ಸಭೆಯಲ್ಲಿ ಮತಕ್ಕೆ ಬಂತು. ಫಲಿತಾಂಶ: ಪರ 215, ವಿರುದ್ಧ 214. ಹ್ಯೂಸ್ಟನ್ ಕುರ್ಚಿ ತುಂಬಿದ್ದರೆ ಮಸೂದೆ ಬೀಳುತ್ತಿತ್ತು ಅಂತ ಹೇಳುವ ಹಾಗಿಲ್ಲ. ರಿಪಬ್ಲಿಕನ್ನರಲ್ಲೂ ಕೆಲವರು ಅವತ್ತು ಮತ ಹಾಕಿರಲಿಲ್ಲ, ಅಗತ್ಯ ಬಿದ್ದಿದ್ದರೆ ಅವರನ್ನು ಕರೆತರುತ್ತಿದ್ದರೇನೋ. ಆದರೆ ಒಂದು ಮತದ ಅಂತರದಲ್ಲಿ ಕೋಟ್ಯಂತರ ಜನರ ಆರೋಗ್ಯ ವಿಮೆ, ತೆರಿಗೆ ತೀರ್ಮಾನವಾಗುವ ದಿನ, ಹ್ಯೂಸ್ಟನ್ನಿನ ಲಕ್ಷಾಂತರ ಜನರ ಪರವಾಗಿ ಹೂಂ ಅನ್ನುವವರೂ ಇರಲಿಲ್ಲ, ಊಹೂಂ ಅನ್ನುವವರೂ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದದ್ದನ್ನು ನೀವು ನೋಡಿರಬಹುದು, ಇಲ್ಲಾ ಮನೆಯಲ್ಲಿ ದೊಡ್ಡವರಿಂದ ಕೇಳಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತಂತೆ. ಮರುದಿನ ಬಂದರೂ ಅಲ್ಲಿ ಇರುವುದು ಅದೇ 'ನಾಳೆ ಬಾ'. ಬರಬೇಡ ಅಂತ ಹೇಳಿಲ್ಲ ನೋಡಿ. ಗವರ್ನರ್‌ಗಳೂ ಮತದಾರನಿಗೆ ಬರಬೇಡ ಅಂತ ಹೇಳುವುದಿಲ್ಲ.

ನಮ್ಮ ಕಥೆ ಏನು?

ನಮ್ಮ ಸಂವಿಧಾನ ಬರೆದವರಿಗೆ ಈ ಅಪಾಯದ ಸುಳಿವು ಇತ್ತು. ಮೊದಲ ಕರಡಿನಲ್ಲಿ ಪ್ರತಿ ಪ್ರಾಂತ್ಯಕ್ಕೂ ಬೇರೆ ಚುನಾವಣಾ ಆಯೋಗ, ಅದನ್ನು ನೇಮಿಸುವವರು ಆ ಪ್ರಾಂತ್ಯದ ಗವರ್ನರ್ ಎಂದಿತ್ತು. 1949ರ ಜೂನ್‌ನಲ್ಲಿ ಅಂಬೇಡ್ಕರ್ ಅದನ್ನು ಬದಲಿಸಿ ಇಡೀ ದೇಶಕ್ಕೆ ಒಂದೇ ಸ್ವತಂತ್ರ ಆಯೋಗ ಎಂಬ ತಿದ್ದುಪಡಿ ಮಂಡಿಸಿದರು. ಕೆಲವು ಪ್ರಾಂತ್ಯಗಳ ಸರ್ಕಾರಗಳು ತಮಗೆ ಬೇಡದ ಜನರನ್ನು ಮತದಾರರ ಪಟ್ಟಿಯಿಂದಲೇ ಹೊರಗಿಡಲು ನೋಡುತ್ತಿವೆ ಎಂಬ ಆತಂಕ ಅದರ ಹಿಂದಿತ್ತು. ಹೀಗಾಗಿ ನಮ್ಮಲ್ಲಿ ಎಂಎಲ್‌ಎ ಸ್ಥಾನ ಖಾಲಿಯಾದರೆ ಉಪಚುನಾವಣೆ ಕರೆಯುವುದು ರಾಜ್ಯಪಾಲರೂ ಅಲ್ಲ, ಮುಖ್ಯಮಂತ್ರಿಯೂ ಅಲ್ಲ. ಚುನಾವಣಾ ಆಯೋಗ. 1996ರಲ್ಲಿ ಪ್ರಜಾಪ್ರತಿನಿಧಿ ಕಾಯಿದೆಗೆ 151ಎ ಎಂಬ ಸೆಕ್ಷನ್ ಸೇರಿಸಿ, ಅಮೆರಿಕದ ಸಂವಿಧಾನ ಬಿಟ್ಟಿದ್ದನ್ನೂ ಬರೆದರು: ಆರು ತಿಂಗಳೊಳಗೆ. ಎರಡು ವಿನಾಯಿತಿ ಮಾತ್ರ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ, ಅಥವಾ ಚುನಾವಣೆ ನಡೆಸುವುದು ಕಷ್ಟ ಅಂತ ಆಯೋಗ ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ಪ್ರಮಾಣೀಕರಿಸಿದರೆ.

2018ರ ನವೆಂಬರ್ 3ರಂದು ಶಿವಮೊಗ್ಗ, ಬಳ್ಳಾರಿ, ಮಂಡ್ಯ ಲೋಕಸಭಾ ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದದ್ದು ಈ ಸೆಕ್ಷನ್ನಿನ ದೆಸೆಯಿಂದ. ಆರು ತಿಂಗಳಲ್ಲಿ ಮತ್ತೆ ಚುನಾವಣೆ ಬರುತ್ತೆ, ಈಗ ಯಾಕೆ ಅಂತ ನಮ್ಮಲ್ಲೂ ಗೊಣಗಾಟ ಕೇಳಿಬಂತು, ವಾಕರ್ ಮಾತಿನ ಕನ್ನಡ ಅನುವಾದದ ಹಾಗೆ! ಆದರೆ ಆ ಸ್ಥಾನಗಳು ಮೇ ತಿಂಗಳಲ್ಲಿ ಖಾಲಿಯಾಗಿದ್ದವು, ಆಗ ಲೋಕಸಭೆಗೆ ಒಂದು ವರ್ಷಕ್ಕಿಂತ ತುಸು ಹೆಚ್ಚು ಬಾಕಿ ಇತ್ತು. ಅದೇ ಜೂನ್‌ನಲ್ಲಿ ಆಂಧ್ರದ ಐವರು ಸಂಸದರ ರಾಜೀನಾಮೆ ಅಂಗೀಕಾರವಾದಾಗ ಒಂದು ವರ್ಷಕ್ಕಿಂತ ಕಡಿಮೆ ಇತ್ತು, ಅಲ್ಲಿ ಉಪಚುನಾವಣೆ ಆಗಲಿಲ್ಲ. ಗೆರೆ ಎಲ್ಲಿ ಎಳೆದರೂ ಯಾರಿಗಾದರೂ ಅನ್ಯಾಯ ಅನಿಸುತ್ತೆ. ಆದರೆ ಗೆರೆ ಮುಂಚೆಯೇ ಎಳೆದಿತ್ತು, ಅವರವರ ಅನುಕೂಲ ನೋಡಿ ಆಮೇಲೆ ಎಳೆದದ್ದಲ್ಲ.

ಹಾಗಂತ ನಾವು ಗೆದ್ದೆವು ಅಂತ ಬೀಗುವ ಹಾಗಿಲ್ಲ. 2019ರ ಜುಲೈನಲ್ಲಿ ಅನರ್ಹರಾದ 17 ಶಾಸಕರ ಪೈಕಿ 15 ಸ್ಥಾನಗಳಿಗೆ ಡಿಸೆಂಬರ್‌ನಲ್ಲಿ ಚುನಾವಣೆ ಆಯಿತು. ಹಿಂದಿನ ಚುನಾವಣೆಯ ತಕರಾರು ಹೈಕೋರ್ಟಿನಲ್ಲಿತ್ತು ಎಂಬ ಕಾರಣಕ್ಕೆ ಉಳಿದ ಎರಡು ನಿಂತವು. ರಾಜರಾಜೇಶ್ವರಿ ನಗರದವರು 2020ರ ನವೆಂಬರ್‌ವರೆಗೆ ಕಾದರು. ರಾಯಚೂರು ಜಿಲ್ಲೆಯ ಮಸ್ಕಿಯವರು 2021ರ ಏಪ್ರಿಲ್‌ವರೆಗೆ. ಬರ, ಕೋವಿಡ್, ಲಾಕ್‌ಡೌನ್ ಏನೇ ಬರಲಿ, ಇಪ್ಪತ್ತು ತಿಂಗಳಿಗೂ ಹೆಚ್ಚು ಕಾಲ ಮಸ್ಕಿಗೆ ಎಂಎಲ್‌ಎ ಇರಲಿಲ್ಲ. ಪುಣೆಯ ಸಂಸದ ಗಿರೀಶ್ ಬಾಪಟ್ 2023ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಲೋಕಸಭೆಗೆ ಒಂದು ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು. ಆದರೂ ಬೇರೆ ಚುನಾವಣೆಗಳ ಕೆಲಸ ಇದೆ, ಗೆದ್ದವರಿಗೆ ಸಿಗುವ ಸಮಯವೂ ಕಡಿಮೆ ಅಂತ ಆಯೋಗ ಎರಡನೇ ವಿನಾಯಿತಿ ಬಳಸಿತು. ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಒಪ್ಪದೆ ಕೂಡಲೇ ಚುನಾವಣೆ ನಡೆಸಿ ಅಂದಿತು. ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಪುಣೆಯವರು ಮತ ಹಾಕಿದ್ದು 2024ರ ಮೇನಲ್ಲಿ. ಮತ್ತೆ ಅದೇ ಕ್ಯಾಲೆಂಡರ್.

ಇನ್ನು ಬೆಂಗಳೂರಿನವರಿಗೆ ಇದನ್ನೆಲ್ಲ ದೂರದ ಉದಾಹರಣೆ ಕೊಟ್ಟು ವಿವರಿಸಬೇಕಾಗಿಯೇ ಇಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ವಾರ್ಡ್ ಮರುವಿಂಗಡಣೆ, ಮೀಸಲಾತಿ, ಹೊಸ ಕಾನೂನು, ಕೋರ್ಟ್ ಅಂತ ವರ್ಷಗಳು ಉರುಳಿದವು. ಸರ್ಕಾರಗಳು ಬದಲಾದವು, ಪಾಲಿಕೆಯೇ ಐದಾಗಿ ಒಡೆಯಿತು. ಬಿಜೆಪಿ ಇದ್ದಾಗಲೂ ಆಗಲಿಲ್ಲ, ಕಾಂಗ್ರೆಸ್ ಬಂದು ಎರಡು ವರ್ಷ ಕಳೆದರೂ ಆಗಿರಲಿಲ್ಲ. ನಿಮ್ಮ ರಸ್ತೆ ಗುಂಡಿಯ ಫೋಟೋವನ್ನು ಟ್ವಿಟ್ಟರ್‌ನಲ್ಲಿ ಹಾಕಿ ಅಧಿಕಾರಿಗೆ ಟ್ಯಾಗ್ ಮಾಡುತ್ತೀರಲ್ಲ, ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಲ್ಲುವ ಬದಲು? ಆ ಮನೆಯಲ್ಲಿ ಕಾರ್ಪೊರೇಟರ್ ಇಲ್ಲದೇ ಇರುವುದು ಅದಕ್ಕೆ ಒಂದು ಕಾರಣ.

ಮತದಾನದ ಹಕ್ಕು ಅಂದ ಕೂಡಲೇ ನಮಗೆ ನೆನಪಾಗುವುದು ವೋಟರ್ ಐಡಿ, ಪಟ್ಟಿಯಲ್ಲಿ ಹೆಸರು, ಬೆರಳಿನ ಮಸಿ. ಇವುಗಳ ಜೊತೆ ದಿನಾಂಕವೂ ಆ ಹಕ್ಕಿನ ಭಾಗ. ದಿನಾಂಕ ಇಲ್ಲದ ಹಕ್ಕು, ದಿನಾಂಕ ಬರೆಯದ ಚೆಕ್ಕಿನ ಹಾಗೆ. ಸಹಿ ಇದೆ, ಮೊತ್ತ ಇದೆ, ಬ್ಯಾಂಕಿಗೆ ಒಯ್ದರೆ ದುಡ್ಡು ಬರಲ್ಲ.

ವಿಸ್ಕಾನ್ಸಿನ್ ಕಥೆಯ ಕೊನೆಯ ಭಾಗ ಒಂದು ಬಾಕಿ ಇದೆ. ಅಷ್ಟೆಲ್ಲ ಹೋರಾಡಿ ನಡೆಸಿದ ಜೂನ್ ಚುನಾವಣೆಯಲ್ಲಿ ಗೆದ್ದ ಫ್ರಾಸ್ಟ್‌ಮನ್, ಐದೇ ತಿಂಗಳ ನಂತರ ನವೆಂಬರ್‌ನಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. ಅದೇ ದಿನ ವಾಕರ್ ಕೂಡ ಗವರ್ನರ್ ಚುನಾವಣೆಯಲ್ಲಿ 30 ಸಾವಿರಕ್ಕಿಂತ ಕಡಿಮೆ ಮತಗಳಿಂದ ಸೋತರು. ಹಾಗಾದ್ರೆ ಐದು ತಿಂಗಳಿಗೋಸ್ಕರ ಇಷ್ಟೆಲ್ಲ ಬೇಕಿತ್ತಾ ಅಂತ ಯಾರಾದರೂ ಕೇಳಿದರೆ ಉತ್ತರ ಸುಲಭ. ಜೂನ್‌ನಲ್ಲಿ ಅವರನ್ನು ಕಳಿಸಿದವರೂ ಅದೇ ಜನ, ನವೆಂಬರ್‌ನಲ್ಲಿ ವಾಪಸ್ ಕರೆಸಿಕೊಂಡವರೂ ಅದೇ ಜನ. ಎರಡೂ ಸಲ ತೀರ್ಮಾನ ಅವರದ್ದೇ ಆಗಿತ್ತು.